ಪಿಸ್ತೂಲಿನ ಹೊಟ್ಟೆಯ ಅಕ್ಕಿಕಾಳು

ನಮ್ಮೂರಿನಲ್ಲಿ ಸತ್ಯ ಹೇಳುವುದು ಮನುಷ್ಯರ ಕೆಲಸವಲ್ಲ, ಪಿಸ್ತೂಲಿನ ಕೆಲಸ. ಇಬ್ಬರ ಮಾತು ತಾಳೆಯಾಗದಿದ್ದರೆ ಇಬ್ಬರೂ ತಂತಮ್ಮ ಮನೆಯ ಪಿಸ್ತೂಲು ಹಿಡಿದು ಊರಾಚೆಯ ಬಯಲಿಗೆ ಹೋಗುತ್ತಾರೆ. ಪಂಚರು ಒಬ್ಬೊಬ್ಬರಿಗೆ ಒಂದೊಂದು ಗುಂಡು ಕೊಡುತ್ತಾರೆ. ಹೇಳುವ ಮಾತನ್ನು ಗಟ್ಟಿಯಾಗಿ ಹೇಳಿ, ಆಕಾಶಕ್ಕೆ ಗುರಿಯಿಟ್ಟು ಒತ್ತಬೇಕು. ಢಂ ಎಂದರೆ ಸತ್ಯ, ಟಿಕ್ ಎಂದರೆ ಸುಳ್ಳು. ಎರಡೂ ಢಂ ಎಂದರೆ ಎರಡೂ ಸತ್ಯ. ಅವರವರ ಮನೆಗೆ ಅವರವರು ಹೋಗಿ ನೆಮ್ಮದಿಯಿಂದ ಉಣ್ಣಬಹುದು. ರಾಚಪ್ಪನ ಮನೆಗೆ ಹೊಸ ಹೊಸ ಪಿಸ್ತೂಲು ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಹಾಗಾಗಿ ಆ ಮನೆತನದಲ್ಲಿ ತಲೆಮಾರುಗಳಿಂದ ಒಬ್ಬರೂ ಸುಳ್ಳು ಹೇಳಿದವರಿಲ್ಲ. ಬಡವರ ಮನೆಗೆ ಬರುತ್ತಿದ್ದದ್ದು ಅವರಿವರು ಬಳಸಿ ಬಿಟ್ಟ ಪಿಸ್ತೂಲು. ಬಡವರು ಸುಳ್ಳುಬುರುಕರು ಎಂದು ನಮ್ಮೂರಿನ ಹಿರಿಯರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ, ಕಣ್ಣಾರೆ ಕಂಡೇ ಹೇಳುತ್ತಿದ್ದರು.

ಟಿಕ್ ಎಂದವರು ಮನೆಮಂದಿಯೊಡನೆ ಸುಳ್ಳರ ಓಣಿಗೆ ಹೋಗಬೇಕು. ಅವರಿಗೆ ಬೇರೆ ಶಿಕ್ಷೆಯೇನೂ ಇಲ್ಲ. ಉಪ್ಪು ಕೇಳಿದರೆ ಕೊಡುತ್ತಾರೆ, ಬಾವಿಗೆ ಬಂದರೆ ನೀರು ಬಿಡುತ್ತಾರೆ. ಅವರ ಮಾತಿಗೆ ಊರವರು ‘ಹ್ಞೂಂ’ ಎನ್ನುವಂತಿಲ್ಲ, ಅಷ್ಟೆ. ಅಷ್ಟೆಯೇ ಎಂದು ನಿಮಗೆ ಅನ್ನಿಸಬಹುದು. ನಮ್ಮ ಅಜ್ಜಿ ಕಾಶವ್ವನನ್ನು ನೀವು ನೋಡಿಲ್ಲ. ಅವಳು ಉಸಿರಾಡುತ್ತಿದ್ದದ್ದೇ ಕಥೆಗಳಿಂದ. ಸಂಜೆಯಾದರೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, “ಒಂದಾನೊಂದು ಊರಾಗ ಒಬ್ಬ ರಾಜ ಇದ್ದ,” ಎಂದು ನಿಲ್ಲಿಸುತ್ತಿದ್ದಳು. ನಾವು ‘ಹ್ಞೂಂ’ ಎನ್ನಬೇಕು. ಎನ್ನದಿದ್ದರೆ ರಾಜ ಅಲ್ಲೇ, ಒಂದು ಕಾಲು ಕುದುರೆಯ ಮೇಲೆ, ಒಂದು ಕಾಲು ನೆಲದ ಮೇಲೆ ನಿಂತಿರುತ್ತಿದ್ದ. ತಾಯಿತಂದೆ ಇಲ್ಲದ ನನ್ನನ್ನು ಅಜ್ಜಿ ಸಾಕಿದ್ದು ಅರ್ಧ ರೊಟ್ಟಿ, ಅರ್ಧ ಕಥೆಯಿಂದ. ಹಾಗೆ ಬೆಳೆದ ನಾನು ನೀರಿಗೆ ಹೋದರೆ ಕೊಡ ತುಂಬಿ ಹರಿದು ಕಾಲು ತೊಯ್ದ ಮೇಲೆ ಎಚ್ಚರಾಗುತ್ತಿದ್ದವಳು. “ಹೂವಕ್ಕಗ ಗಂಡು ಈ ಊರಾಗ ಸಿಗಂಗಿಲ್ಲ, ಏಳು ಸಮುದ್ರದ ಆಚೀಕಿಂದ ತರಬೇಕು,” ಎಂದು ನೀರಿಗೆ ಬಂದ ಹೆಂಗಸರು ನಗುತ್ತಿದ್ದರು.

ರಾಚಪ್ಪ ತನ್ನ ಮುತ್ತಜ್ಜ ಜಟ್ಟೆಪ್ಪನ ಪ್ರತಿಮೆ ನಿಲ್ಲಿಸಿದ ದಿನ ನಮ್ಮ ಗ್ರಹಚಾರ ಕೆಟ್ಟಿತು. ಹಿಂದೆ ಊರಿಗೆ ಕಳ್ಳರ ದಂಡು ಬಿದ್ದಾಗ ಜಟ್ಟೆಪ್ಪ ಒಬ್ಬನೇ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಓಡಿಸಿದನೆಂದು ಊರಿಗೆಲ್ಲ ಗೊತ್ತು. ಪ್ರತಿಮೆಯೂ ಹಾಗೇ ಇತ್ತು, ಎರಡು ಕೈ, ಎರಡು ಪಿಸ್ತೂಲು, ನಡುವೆ ಕುಂಬಳಕಾಯಿಯಷ್ಟು ಎದೆ. ಪರದೆ ಸರಿದು ಎಲ್ಲರೂ ಕೈಮುಗಿದಾಗ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, “ಅಯ್ಯ, ಜಟ್ಟೆಪ್ಪಜ್ಜ ಅಲ್ಲೇನು ಇಂವ! ಕಳ್ಳರು ಬಂದಾಗ ಜ್ವಾಳದ ಹಗೇವಿನ್ಯಾಗ, ಆ ನೆಲದಾಗಿನ ಕುಣ್ಯಾಗ, ಇಳದು ಕುಂತಿದ್ನಲ್ಲ. ನಾ ಸಣ್ಣಾಕಿ. ಹಸಿವು ಅಂದ ಅಂತ ನಾನ ಮ್ಯಾಲಿಂದ ಬೆಲ್ಲ ಒಗದಿದ್ದೆ,” ಎಂದಳು. ಆಮೇಲೆ ಮರುಕದಿಂದ, “ಪಾಪ, ಒಂದ ಸವನ ಬಿಕ್ಕಳಿಸ್ತಿದ್ದ,” ಎಂದೂ ಸೇರಿಸಿದಳು.

ರಾಚಪ್ಪ ಹಣೆಯ ಬೆವರು ಒರೆಸಿಕೊಂಡು, “ಕಾಶವ್ವಾಯಿ, ವಯಸ್ಸಾಗೇತಿ ನಿಮಗ. ತಪ್ಪಾತು ಅನ್ರಿ, ಬಿಟ್ಟುಬಿಡೂಣು,” ಎಂದ. “ಯಾಕಪಾ ತಮ್ಮಾ, ಬೆಲ್ಲ ಕೊಟ್ಟಿದ್ದು ತಪ್ಪಾತೇನು?” ಎಂದಳು ಅಜ್ಜಿ. ಜನರ ಹಿಂಡಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಬರುವ ಸೋಮವಾರ ಬಯಲಿಗೆ ಬನ್ನಿ ಎಂದು ಪಂಚರು ಸಾರಿದರು.

ನಮ್ಮ ಮನೆಯಲ್ಲಿ ಪಿಸ್ತೂಲು ಇರಲಿಲ್ಲ ಎಂದಲ್ಲ. ಅಜ್ಜಿ ಅದರ ಹಿಡಿಕೆಯಿಂದ ಅಡಿಕೆ ಕುಟ್ಟುತ್ತಿದ್ದಳು. ಕುಟ್ಟಿ ಕುಟ್ಟಿ ಅದು ಒಂದು ದಿನ ಬಿಚ್ಚಿಕೊಂಡಿತು. ಒಳಗಿನ ಸಾಮಾನೆಲ್ಲ ನನ್ನ ಬೊಂಬೆಯ ಪಾಲಾಯಿತು. ಉದ್ದನೆಯ ಸ್ಪ್ರಿಂಗು ಬೊಂಬೆಯ ಜಡೆ. ಗುಂಡಿನ ಬೆನ್ನಿಗೆ ಚುಚ್ಚುವ ಸಣ್ಣ ಮೊಳೆ ಅದರ ಕಾಡಿಗೆ ಕಡ್ಡಿ. ಮೊಳೆಯ ತಲೆಗೆ ಬಡಿಯುವ ಪುಟ್ಟ ಸುತ್ತಿಗೆ ಅದರ ಗಂಡ, ಯಾಕೆಂದರೆ ಅದಕ್ಕೆ ಬಡಿಯುವುದೊಂದೇ ಗೊತ್ತಿತ್ತು. ಊರಿನಲ್ಲಿ ಪಿಸ್ತೂಲಿನ ಒಳಗನ್ನು ನೋಡಿದವರು ಬೇರೆ ಯಾರೂ ಇರಲಿಲ್ಲ. ಪಿಸ್ತೂಲು ಬಿಚ್ಚುವುದೆಂದರೆ ದೇವರ ಸೀರೆ ಸೆಳೆದಂತೆ. ಅದಕ್ಕೆ ಎಣ್ಣೆ ಬಿಡುವುದಂತೂ ಸಾಕ್ಷಿಗೆ ಲಂಚ ಕೊಟ್ಟಷ್ಟೇ ಪಾಪ. ಊರವರು ಮಾಡುತ್ತಿದ್ದದ್ದು ಪೂಜೆ. ವಾರವಾರ ಅರಿಸಿನ, ಕುಂಕುಮ, ಗಂಧ, ಮೇಲೆ ಒಂದು ಹಿಡಿ ಅಕ್ಷತೆ.

ಹಳೆಯ ಪಿಸ್ತೂಲು ಮಾರುತ್ತಿದ್ದವನು ದುಂಡಪ್ಪ. ಅವನ ಅಂಗಡಿಯ ಗೋಡೆಯಲ್ಲಿ ಪಿಸ್ತೂಲುಗಳು ವಿಭೂತಿ ಹಚ್ಚಿಕೊಂಡು, ಮಠದ ಸ್ವಾಮಿಗಳ ಫೋಟೋಗಳಂತೆ ಸಾಲಾಗಿ ತೂಗುತ್ತಿದ್ದವು. “ಬಾ ಹೂವಕ್ಕಾ,” ಎಂದು ಅವನು ಒಂದನ್ನು ಇಳಿಸಿದ. “ಇದರ ಮನಿತನ ಕೇಳು. ಪ್ಯಾಟ್ಯಾಗಿನ ಗೌಳ್ಯಾರ ಸೊಸಿ ಹಾಲಿಗೆ ನೀರು ಹಾಕಿಲ್ಲ ಅಂತ ಸಾರಿದ್ದು ಇದ ಪಿಸ್ತೂಲು.” “ಹಾಕಿದ್ಲಲ್ಲ ಕಾಕಾ? ಹಾಲಿನ್ಯಾಗ ಕಪ್ಪಿ ಸಿಕ್ಕಿತ್ತು,” ಎಂದೆ. “ಕಪ್ಪಿ ಸಿಕ್ಕಿದ್ದು ಖರೆ. ಪಿಸ್ತೂಲು ಢಂ ಅಂತು. ಅಂದಮ್ಯಾಲೆ ನೀರಿಲ್ಲ. ಕಪ್ಪಿ ತಾನ ಆಗಿ ಬಂದಿತ್ತು,” ಎಂದು ದುಂಡಪ್ಪ ಪಿಸ್ತೂಲಿಗೆ ನಮಸ್ಕಾರ ಮಾಡಿದ.

ನಾನು ಅದನ್ನು ಕೈಗೆ ತೆಗೆದುಕೊಂಡು, ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಕೆಳಗಿನ ಗುಂಡಿನ ಡಬ್ಬಿ ಎಳೆದು, ಮೇಲಿನ ಜಾರುವ ಕವಚ ಹಿಂದಕ್ಕೆ ಜಗ್ಗಿದೆ. “ಖಾಲಿ ಐತವಾ, ನಂಬಿಕಿ ಇಲ್ಲೇನು?” ಎಂದು ಅವನು ಹೇಳುತ್ತಿದ್ದಂತೆಯೇ ಒಂದು ಗುಂಡು ಟಣ್ಣನೆ ಅವನ ಕಾಲ ಬಳಿ ಬಿತ್ತು. ದುಂಡಪ್ಪ ಕಾಲು ಎತ್ತಿಕೊಂಡ. ಆ ಪಿಸ್ತೂಲಿನ ಕೆಳಗೇ ಅವನು ದಿನಾ ಮಧ್ಯಾಹ್ನ ಬಾಯಿ ತೆರೆದು ಮಲಗುತ್ತಿದ್ದ.

ಆಮೇಲೆ ನಾನು ಕವಚವನ್ನು ಹಿಡಿದು ಅಲುಗಾಡಿಸಿದೆ. ಮುದುಕರ ಹಲ್ಲಿನಂತೆ ಗಡಗಡ ಅಲುಗಿತು. ಹಿಂದಕ್ಕೆ ಜಗ್ಗಿ ಬಿಟ್ಟೆ. ಮುಂದೆ ಹೋಗಲು ಮನಸ್ಸಿಲ್ಲದೆ ನಡುದಾರಿಯಲ್ಲಿ ನಿಂತಿತು. ಇದರ ಸ್ಪ್ರಿಂಗು, ಅಂದರೆ ನನ್ನ ಬೊಂಬೆಯ ಜಡೆ, ಸತ್ತುಹೋಗಿದೆ ಎಂದುಕೊಂಡೆ. ಸುತ್ತಿಗೆಯನ್ನು ಹಿಂದಕ್ಕೆ ಎಳೆದು ನಿಲ್ಲಿಸಿ ಹೆಬ್ಬೆರಳಿಂದ ಮೆಲ್ಲನೆ ನೂಕಿದೆ. ಟ್ರಿಗರು ಮುಟ್ಟದೆಯೇ ಅದು ದಡಕ್ಕನೆ ಬಿತ್ತು. ಒಳಗಿನ ಕೊಕ್ಕೆ ಸವೆದಿತ್ತು. ಇಂಥದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಡವಿದರೆ ಅದು ಸತ್ಯವನ್ನು ತೊಡೆಯೊಳಕ್ಕೇ ಹೇಳುತ್ತದೆ. ಕೊನೆಗೆ ಕವಚ ತೆರೆದಿಟ್ಟು, ಹಿಂದೆ ಒಂದು ಬಿಳಿಯ ಕಾಗದ ಹಿಡಿದು ಬಿಸಿಲಿಗೆ ತಿರುಗಿಸಿ ನಳಿಗೆಯೊಳಗೆ ನೋಡಿದೆ. ಒಳಗೆ ಸುರುಳಿಯಾಗಿ ಹೊಳೆಯಬೇಕಾದ ಗೀರುಗಳೇ ಇರಲಿಲ್ಲ. ಸಿಡುಬಿನ ಕಲೆಯಂತೆ ತುಕ್ಕು ತಿಂದ ಗುಳಿಗಳಿದ್ದವು, ನಡುವೆ ಒಂದು ಜೇಡ ಸಂಸಾರ ಹೂಡಿತ್ತು.

“ಬಾಯಿ ಬಿಡಸ್ತಿ, ಹಲ್ಲು ಅಲಗ್ಯಾಡಸ್ತಿ, ಗಂಟಲಾ ನೋಡ್ತಿ! ಎತ್ತು ಕೊಳ್ಳಾಕ ಬಂದೀಯೋ, ಪಿಸ್ತೂಲು ಕೊಳ್ಳಾಕ ಬಂದೀಯೋ?” ಎಂದು ದುಂಡಪ್ಪ ರೇಗಿದ. “ಎತ್ತು ಆಗಿದ್ರ ಇಷ್ಟೊತ್ತಿಗೆ ಒದೀತಿತ್ತು ಕಾಕಾ. ಇದಕ್ಕ ಅಷ್ಟೂ ಕಸುವಿಲ್ಲ,” ಎಂದೆ. ಗೋಡೆಯ ಮೇಲಿದ್ದದ್ದನ್ನೆಲ್ಲ ಹೀಗೆಯೇ ನೋಡಿದೆ. ಒಂದರ ಗುಂಡಿನ ಡಬ್ಬಿಯ ತುಟಿ ಸೊಟ್ಟಗಾಗಿ ಗುಂಡು ಮೇಲೇಳುತ್ತಿರಲಿಲ್ಲ. ಇನ್ನೊಂದರ ನಳಿಗೆ ಹೊಟ್ಟೆ ಬಂದವರಂತೆ ನಡುವೆ ಉಬ್ಬಿತ್ತು. ಮತ್ತೊಂದು ಹೊರಗಿನಿಂದ ಕನ್ನಡಿಯಂತೆ ಹೊಳೆಯುತ್ತಿತ್ತು, ಒಳಗೆ ಮೊಳೆಯೇ ಇರಲಿಲ್ಲ. “ಅದನ್ನ ಅಳಿಯಾಗ ಕೊಡಾಕ ಒಯ್ತಾರವಾ,” ಎಂದ ದುಂಡಪ್ಪ ತಣ್ಣಗೆ.

ಉಳಿದದ್ದು ಒಂದೇ ದಾರಿ. ಸುಳ್ಳರ ಓಣಿಯ ತಿರಕಪ್ಪನ ಬಳಿ ಒಂದು ಪಿಸ್ತೂಲು ಇತ್ತು. ಹಿಂದೊಮ್ಮೆ ಅವನ ಮನೆ ತನ್ನದೆಂದು ರಾಚಪ್ಪನ ಅಪ್ಪ ಹೇಳಿ, ಇಬ್ಬರೂ ಬಯಲಿಗೆ ಹೋಗಿ, ತಿರಕಪ್ಪನದು ಟಿಕ್ ಎಂದಿತ್ತು. ಆ ಮನೆಯಲ್ಲಿ ಈಗ ರಾಚಪ್ಪನ ಹತ್ತಿಯ ಮೂಟೆಗಳಿದ್ದವು. ಸುಳ್ಳು ಹೇಳಿದ ಪಿಸ್ತೂಲನ್ನು ಯಾರು ಕೊಳ್ಳುತ್ತಾರೆ? ದುಂಡಪ್ಪನೂ ಗೋಡೆಗೆ ಹಾಕಲು ಒಪ್ಪಿರಲಿಲ್ಲ.

ಸುಳ್ಳರ ಓಣಿ ಮಸಣದಂತೆ ಮೌನವಾಗಿರುತ್ತದೆಂದು ನಾನು ಕಲ್ಪಿಸಿಕೊಂಡಿದ್ದೆ. ಹೋಗಿ ನೋಡಿದರೆ ಸಂತೆಯಂತೆ ಗದ್ದಲ. ಕಟ್ಟೆಕಟ್ಟೆಯ ಮೇಲೆ ಜನ. ಒಬ್ಬ ಹೇಳುತ್ತಾನೆ, ನಾಲ್ವರು ‘ಹ್ಞೂಂ’ ಎನ್ನುತ್ತಾರೆ. ಸುಳ್ಳರು ಸುಳ್ಳರಿಗೆ ಹ್ಞೂಂಗುಟ್ಟಬಾರದೆಂದು ನಿಯಮ ಮಾಡಲು ಪಂಚರಿಗೆ ಹೊಳೆದೇ ಇರಲಿಲ್ಲ; ಅವರ ಹ್ಞೂಂ ಲೆಕ್ಕಕ್ಕೆ ಬರುವುದಿಲ್ಲವಲ್ಲ. ತಿರಕಪ್ಪ ಹಗ್ಗ ಹೊಸೆಯುತ್ತ ಕೂತಿದ್ದ. ನಾನು ಬಂದ ಕೆಲಸ ಹೇಳಿದಾಗ ನಕ್ಕು, ಒಳಗಿಂದ ಬಟ್ಟೆಯಲ್ಲಿ ಸುತ್ತಿದ ಪಿಸ್ತೂಲು ತಂದ. “ಚಲೋ ಐತಿ ಅಂದ್ರ ನೀ ನಂಬಂಗಿಲ್ಲ, ನಾ ಸುಳ್ಳ. ಕೆಟ್ಟೈತಿ ಅಂದ್ರ ಒಯ್ಯಂಗಿಲ್ಲ. ನೀನ ನೋಡವಾ.”

ಅಲುಗಾಡಿಸಿದೆ, ಬಿಗಿಯಾಗಿತ್ತು. ಜಗ್ಗಿ ಬಿಟ್ಟೆ, ಬೆಕ್ಕು ನೆಗೆದಂತೆ ಮುಂದಕ್ಕೆ ಹಾರಿತು. ಸುತ್ತಿಗೆ ನೂಕಿದರೆ ಜಪ್ಪಯ್ಯ ಎನ್ನಲಿಲ್ಲ. ನಳಿಗೆಯೊಳಗೆ ಬೆಳಕು ಸುರುಳಿ ಸುರುಳಿಯಾಗಿ, ಅಜ್ಜಿಯ ಕಥೆಯ ಪಾತಾಳದ ಮೆಟ್ಟಿಲುಗಳಂತೆ ಇಳಿದು ಹೋಯಿತು. ಹಾಗಾದರೆ ಟಿಕ್ ಎಂದದ್ದು ಯಾಕೆ? ರಾಕ್ಷಸನ ಪ್ರಾಣ ರಾಕ್ಷಸನ ಎದೆಯಲ್ಲಿರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು, ಎಲ್ಲೋ ಒಂದು ಸಣ್ಣ ಡಬ್ಬಿಯಲ್ಲಿ ಇರುತ್ತದೆ. ನಾನು ಕಾಡಿಗೆ ಕಡ್ಡಿ ಕೂರುವ ಜಾಗವನ್ನು ಬಿಚ್ಚಿದೆ. ಮೊಳೆ ಹೊರಗೆ ಬರಲೊಲ್ಲದು. ನೆಲಕ್ಕೆ ತಟ್ಟಿದೆ. ಕುಂಕುಮದ ಹೆಪ್ಪು ಉದುರಿತು, ಗಂಧದ ಚಕ್ಕೆ ಉದುರಿತು, ಆಮೇಲೆ ಮೊಳೆಗೆ ಅಡ್ಡವಾಗಿ ಸಿಕ್ಕಿಕೊಂಡಿದ್ದ ಒಂದು ಅಕ್ಕಿಕಾಳು ನನ್ನ ಅಂಗೈಗೆ ಬಿತ್ತು. ಇನ್ನೂ ಅರಿಸಿನದ ಬಣ್ಣ ಹೋಗಿರಲಿಲ್ಲ.

ತಿರಕಪ್ಪ ಅದನ್ನು ಬೆರಳ ತುದಿಯಲ್ಲಿ ಎತ್ತಿಕೊಂಡ. “ಬಯಲಿಗೆ ಹೋಗೂಮುಂದ ನಮ್ಮವ್ವ ಹಾಕಿದ ಅಕ್ಷತಿ,” ಎಂದ. ಬಹಳ ಹೊತ್ತು ನೋಡಿ, “ಇಷ್ಟ ಕಾಳು. ಪಡಸಾಲಿ, ಅಡಿಗಿಮನಿ, ಹಿತ್ತಲಾ, ಎಲ್ಲಾ ತಿಂದುಬಿಡ್ತು,” ಎಂದು ಗಟ್ಟಿಯಾಗಿ ನಕ್ಕ. ಓಣಿಯವರೆಲ್ಲ ಅವನ ಕೂಡ ನಕ್ಕರು. ನನಗೆ ನಗು ಬರಲಿಲ್ಲ. ಪಿಸ್ತೂಲಿಗೆ ಏನು ಕೊಡಲಿ ಎಂದು ಕೇಳಿದೆ. “ಒಂದು ಹ್ಞೂಂ ಕೊಡು. ಈ ಓಣಿದು ಬ್ಯಾಡ, ಇವು ಭಾಳ ಆಗ್ಯಾವು. ಆ ಕಡೀದೊಂದು,” ಎಂದ. ಆಮೇಲೆ ಹಗ್ಗದ ಕಡೆ ನೋಡುತ್ತ ಹೇಳಿದ, “ಆ ಮನಿ ಹಿತ್ತಲದಾಗ ಬೇವಿನ ಗಿಡದ ಕೆಳಗ ನಮ್ಮವ್ವ ಕುಂತು ಜ್ವಾಳಾ ಹಸನ ಮಾಡ್ತಿದ್ಲು.” ನಾನು ಹಿಂದೆ ಮುಂದೆ ನೋಡದೆ ‘ಹ್ಞೂಂ’ ಎಂದೆ.

ಪಿಸ್ತೂಲಿಗೆ ಎಣ್ಣೆ ಬಿಡುವುದು ಪಾಪ. ಹುಡುಗಿ ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು ಪಾಪವೆಂದು ಯಾರೂ ಹೇಳಿಲ್ಲ. ಸೋಮವಾರದ ಬೆಳಿಗ್ಗೆ ನಾನು ಅಜ್ಜಿಯ ಕೈಯಿಂದ ತಲೆತುಂಬ ಎಣ್ಣೆ ಹಾಕಿಸಿಕೊಂಡು, ಮೊಳೆಯನ್ನು ನನ್ನ ಜಡೆಯೊಳಗೆ ಎರಡು ಸಲ ಆಡಿಸಿ, ಬಟ್ಟೆಯಿಂದ ಒರೆಸಿ, ಇದ್ದಲ್ಲಿಗೆ ಸೇರಿಸಿದೆ. ಅಜ್ಜಿ ಅಕ್ಷತೆ ಹಾಕಲು ಬಂದಾಗ ಕೈ ಹಿಡಿದುಕೊಂಡು, “ನನ್ನ ತಲಿಮ್ಯಾಲೆ ಹಾಕಬೇ, ಅದರ ಮ್ಯಾಲೆ ಬ್ಯಾಡ,” ಎಂದೆ.

ಬಯಲಿನಲ್ಲಿ ಊರಿಗೆ ಊರೇ ನೆರೆದಿತ್ತು. ರಾಚಪ್ಪನಿಗೆ ಒಳಗೊಳಗೇ ಪುಕುಪುಕು. ಬಿಕ್ಕಳಿಕೆಯ ಸಂಗತಿ ಅವರ ಮನೆಯಲ್ಲಿಯೂ ಗುಟ್ಟಾಗಿ ಉಳಿದು ಬಂದಿತ್ತೆಂದು ಕಾಣುತ್ತದೆ. ತನ್ನ ಮಾತಿನ ಮೇಲೆ ನಂಬಿಕೆಯಿದ್ದವನು ಪಿಸ್ತೂಲಿಗೆ ಒಂದು ಹೂವು ಏರಿಸಿ ಸುಮ್ಮನಾಗುತ್ತಿದ್ದ. ರಾಚಪ್ಪ ಹಿಂದಿನ ದಿನ ಐವರು ಅಯ್ಯಗಳನ್ನು ಕರೆಸಿ, ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಯ ಪಂಚಾಮೃತದ ಅಭಿಷೇಕವನ್ನೇ ಮಾಡಿಸಿದ್ದ. ಅವನ ಹೊಸ ಪಿಸ್ತೂಲಿನ ಸುತ್ತ ನೊಣಗಳು ಭಜನೆ ಮಾಡುತ್ತಿದ್ದವು. “ನಮ್ಮ ಮುತ್ತಜ್ಜ ಕಳ್ಳರನ್ನ ಓಡಿಸಿದ!” ಎಂದು ಕೂಗಿ ಅವನು ಒತ್ತಿದ. ಟಿಕ್ ಕೂಡ ಬರಲಿಲ್ಲ. ಪಚಕ್ ಎಂದಿತು. ಒಂದು ಹನಿ ಜೇನು ಅವನ ಮುಂಗೈ ಮೇಲೆ ಇಳಿಯಿತು. ನಾನು ಅಜ್ಜಿಯ ಪರವಾಗಿ, “ಜಟ್ಟೆಪ್ಪ ಹಗೇವಿನ್ಯಾಗಿದ್ದ, ನಮ್ಮಜ್ಜಿ ಬೆಲ್ಲ ಒಗದಿದ್ಲು,” ಎಂದು ಹೇಳಿ ಒತ್ತಿದೆ. ಢಂ! ಬಯಲಿನ ಕಾಗೆಗಳೆಲ್ಲ ಎದ್ದು ಹಾರಿದವು.

ರಾಚಪ್ಪ ಸುಳ್ಳರ ಓಣಿಗೆ ಹೋದನೆಂದು ನೀವು ತಿಳಿದಿದ್ದರೆ ನೀವು ನಮ್ಮೂರಿನವರಲ್ಲ. ಪೆಟ್ಟಿಗೆ ಒಡೆಯದ ಹೊಸ ಪಿಸ್ತೂಲು ತರಬಲ್ಲವರಿಗೆ ಮತ್ತೊಂದು ಅವಕಾಶವುಂಟು. ಅದು ಎಲ್ಲರಿಗೂ ಸಮಾನವಾದ ನಿಯಮ. ತರಬಲ್ಲವರು ಒಬ್ಬರೇ ಇದ್ದರೆ ಅದು ಪಂಚರ ತಪ್ಪಲ್ಲ. ಅವನು ತಂದ, ಪೂಜೆ ಮಾಡಲು ಪುರಸೊತ್ತಿಲ್ಲದೆ ಹಾಗೇ ಒತ್ತಿದ, ಢಂ ಎಂದಿತು. ಹೀಗೆ ಜಟ್ಟೆಪ್ಪ ಹಗೇವಿನಲ್ಲಿ ಇದ್ದದ್ದೂ ಸತ್ಯ, ಕಳ್ಳರನ್ನು ಓಡಿಸಿದ್ದೂ ಸತ್ಯ ಎಂದಾಯಿತು. ಪಂಚರು ಯೋಚನೆ ಮಾಡಿ ಪ್ರತಿಮೆಯನ್ನು ಸೊಂಟದವರೆಗೆ ನೆಲದಲ್ಲಿ ಹೂಳಿಸಿದರು. ಈಗಲೂ ಅದು ಹಾಗೇ ಇದೆ. ಕೈಯಲ್ಲಿ ಎರಡು ಪಿಸ್ತೂಲು, ಕೆಳಗೆ ಕಾಲಿಲ್ಲ.

ಅಜ್ಜಿ ಗೆದ್ದಳು. ಗೆದ್ದದ್ದೇ ತಪ್ಪಾಯಿತು. ಪಿಸ್ತೂಲು ಢಂ ಎಂದ ಮನೆಯವರ ಮಾತೆಲ್ಲ ಇನ್ನು ಮೇಲೆ ಸತ್ಯ. ಮತ್ತೊಮ್ಮೆ ಬಯಲಿಗೆ ಹೋಗುವವರೆಗೆ ಅದಕ್ಕೆ ಊರವರು ‘ಹೌದು’ ಎನ್ನಬೇಕು. ಆ ಸಂಜೆ ಕಟ್ಟೆಯ ಮುಂದೆ ಮಕ್ಕಳ ಜೊತೆ ದೊಡ್ಡವರೂ ಕೈಕಟ್ಟಿ ಬಂದು ಕೂತರು. “ಒಂದು ಹಾಳುಬಾವ್ಯಾಗ ಏಳು ಹೆಡಿ ಸರ್ಪ ಇತ್ತು,” ಎಂದಳು ಅಜ್ಜಿ. “ಹೌದು!” ಎಂದರು ಎಲ್ಲರೂ. ಮರುದಿನ ಊರಿನ ಹಾಳುಬಾವಿಗೆ ಮಣ್ಣು ತುಂಬಿದರು. ಕುಂಬಳಕಾಯಿಯ ಹೊಟ್ಟೆಯಿಂದ ರಾಜಕುಮಾರಿ ಬಂದಳೆಂದು ಹೇಳಿದ್ದಕ್ಕೆ ಹೆಂಗಸರು ಕುಂಬಳಕಾಯಿ ಕೊಯ್ಯುವ ಮುಂಚೆ ಬಾಗಿಲು ತಟ್ಟಿದಂತೆ ಅದನ್ನು ತಟ್ಟತೊಡಗಿದರು. ರಾಕ್ಷಸ ಯಾವ ದಿಕ್ಕಿನಿಂದ ಬರುತ್ತಾನೆ ಎಂದು ಕೇಳಿಕೊಂಡು ಹೋಗಲು ಪಂಚರೇ ಬಂದರು. ಅಜ್ಜಿ ಸಿಟ್ಟಿನಿಂದ, “ಕಥಿರೀ ಅದು!” ಎಂದಳು. “ಹೌದು!” ಎಂದರು ಅವರು, ಮತ್ತೆ ದಿಕ್ಕು ಕೇಳಿದರು.

ಅಜ್ಜಿ ಮಾತು ಬಿಟ್ಟಳು. ರೊಟ್ಟಿ ಮುರಿದು ಹಾಗೇ ಇಡುವಳು. ನಾನು ಎಷ್ಟು ರಮಿಸಿದರೂ ಗೋಡೆಯ ಕಡೆ ಮುಖ. ಕಡೆಗೆ ಒಂದು ದಿನ, “ಹೌದು ಅಂದ್ರ ಕಥಿ ಅಲ್ಲೇ ಸಾಯ್ತೈತಿ ಹೂವಿ. ಹ್ಞೂಂ ಅಂದ್ರನ ಮುಂದ ನಡಿಯೂದು,” ಎಂದಳು. ನಾನು ಸುಳ್ಳರ ಓಣಿಯ ಸದ್ದಿನ ಬಗ್ಗೆ ಹೇಳಿದೆ. ಅಜ್ಜಿ ಮುಖ ಈಚೆ ತಿರುಗಿಸಿದಳು. “ಎಷ್ಟು ಮಂದಿ ಅಂತಾರ?” “ಓಣಿಗೆ ಓಣಿನ ಅಂತೈತಿ.” ಅಜ್ಜಿ ರೊಟ್ಟಿಯ ತಟ್ಟೆ ಎಳೆದುಕೊಂಡು, “ಹಂಗಾದ್ರ ಒಂದು ಕೆಟ್ಟ ಪಿಸ್ತೂಲು ನೋಡು,” ಎಂದಳು.

ತಿರಕಪ್ಪನ ಪಿಸ್ತೂಲಿಗೆ ಅಕ್ಕಿಕಾಳು ಮತ್ತೆ ತುರುಕಬಹುದಿತ್ತು. ಅಷ್ಟು ವರ್ಷದ ಮೇಲೆ ಬಾಯಿ ಬಿಟ್ಟದ್ದನ್ನು ಮತ್ತೆ ಮೂಕ ಮಾಡಲು ಮನಸ್ಸಾಗಲಿಲ್ಲ. ಅದನ್ನು ಅವನಿಗೇ ಮರಳಿಸಿ ದುಂಡಪ್ಪನ ಅಂಗಡಿಗೆ ಹೋದೆ. ಮತ್ತೆ ಎಲ್ಲವನ್ನೂ ನೋಡಿದೆ. ಖಾಲಿ ಇದೆಯೇ ಎಂದು ಮೊದಲು, ಆಮೇಲೆ ಕವಚ, ಸ್ಪ್ರಿಂಗು, ಕೊಕ್ಕೆ, ನಳಿಗೆ. ತಾನಾಗಿ ಸಿಡಿದು ಯಾರಿಗಾದರೂ ಬಡಿಯುವಂಥದ್ದು ಬೇಡ. ಮೊಳೆಯೇ ಇಲ್ಲದ, ಅಳಿಯಂದಿರಿಗೆ ಮೀಸಲಾದ ಆ ಹೊಳೆಯುವ ಪಿಸ್ತೂಲು ಗೋಡೆಯ ಮೇಲೇ ಇತ್ತು. “ಇದ ಬೇಕು,” ಎಂದು ಕೈಬಳೆ ಬಿಚ್ಚಿದೆ. “ಈಗ ನಿನಗ ಬುದ್ಧಿ ಬಂತು ನೋಡು! ಮನಿತನ ನೋಡಿ ಒಯ್ಯಬೇಕು, ಗಂಟಲಾ ನೋಡಿ ಅಲ್ಲ,” ಎಂದು ದುಂಡಪ್ಪ ಅದಕ್ಕೊಂದು ಮಾಲೆಯನ್ನೂ ಕೊಟ್ಟ.

ಬಯಲಿಗೆ ಹೋಗಲು ಒಂದು ಮಾತು ಬೇಕಲ್ಲ. ಯಾವ ಮಾತು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಪಂಚರ ಮುಂದೆ ನಿಂತು, “ಪಿಸ್ತೂಲಿಗೆ ಸತ್ಯ ಗೊತ್ತಿಲ್ಲ. ಅದಕ್ಕ ಗೊತ್ತಿರೂದು ಜೇನು, ಕುಂಕುಮ, ಅಕ್ಕಿಕಾಳು,” ಎಂದೆ. ಅಲ್ಲಲ್ಲ ಎಂದು ಹೇಳಲು ಯಾರಿದ್ದಾರೆ ಎಂದು ಪಂಚರು ಕೇಳಿದಾಗ ಊರಿನ ಕೈಗಳೆಲ್ಲ ಮೇಲೆದ್ದವು. ಎಲ್ಲರ ಪರವಾಗಿ ರಾಚಪ್ಪ ಒತ್ತಿದ, ಢಂ. ನಾನು ಒತ್ತಿದೆ. ಟಿಕ್.

ಊರು ಒಟ್ಟಿಗೆ ಉಸಿರು ಬಿಟ್ಟಿತು. “ನೋಡಿದ್ರ್ಯಾ? ಸುಳ್ಳಿ! ನನಗ ಮೊದಲ ಗೊತ್ತಿತ್ತು,” ಎಂದ ದುಂಡಪ್ಪ. ಅಜ್ಜಿ ಆಗಲೇ ಗಂಟು ಕಟ್ಟಿಕೊಂಡು ಬಂದಿದ್ದಳು.

ಸುಳ್ಳರ ಓಣಿಯ ಹಿಂದಿನ ಗೋಡೆ ರಾಚಪ್ಪನ ಹತ್ತಿಮನೆಯ ಹಿತ್ತಲಿಗೆ ಹೊಂದಿಕೊಂಡಿದೆ. ಬೇವಿನ ಕೊಂಬೆ ಈಚೆಗೂ ಬಾಗಿದೆ. ಅದರ ಕೆಳಗೆ ಅಜ್ಜಿ ಕಾಲು ಚಾಚಿ ಕೂತಳು. ತಿರಕಪ್ಪ ಹಗ್ಗ ಕೆಳಗಿಟ್ಟ. “ಒಂದಾನೊಂದು ಊರಾಗ,” ಎಂದಳು ಅಜ್ಜಿ, “ಪಿಸ್ತೂಲು ಸತ್ಯಾ ಹೇಳ್ತಿತ್ತಂತ.” ನಾವೆಲ್ಲ ‘ಹ್ಞೂಂ’ ಎಂದೆವು. “ಆ ಊರಾಗ ಒಬ್ಬ ಜಟ್ಟಿ ಬೆಲ್ಲಾ ತಿಂದು ಬಿಕ್ಕಳಿಸ್ತಿದ್ದನಂತ.” ನಾವೆಲ್ಲ ‘ಹ್ಞೂಂ’ ಎಂದು ಮುಗಿಸಿದ ಮೇಲೆ, ಗೋಡೆಯ ಆಚೆಯಿಂದ ಇನ್ನೊಂದು ‘ಹ್ಞೂಂ’ ತಡವಾಗಿ ಕೇಳಿಸಿತು. ಅಜ್ಜಿ ಕಿವಿಗೊಟ್ಟು, “ಯಾರಪಾ ಅಲ್ಲಿ?” ಎಂದಳು.

“ಯಾರೂ ಇಲ್ಲ ಕಾಶವ್ವಾಯಿ, ನೀವು ಮುಂದ ಹೇಳ್ರಿ,” ಎಂದಿತು ರಾಚಪ್ಪನ ಧ್ವನಿ.